ಪ್ರಬೋಧನೆಯಲ್ಲಿದೆ, ಮತಪೆಟ್ಟಿಗೆಯಲ್ಲಿಲ್ಲ

ಹಾಸನ ಜಿಲ್ಲೆಯ ಎಲೆಕ್ಷನ್‌ನಲ್ಲಿ ಮಾತಿಗೆ ಬರದ ವಿಷಯ ಹುಡುಕುವುದೇ ಕಷ್ಟ. ಹೇಮಾವತಿ ನೀರು ಯಾವ ನಾಲೆಗೆ ಎಷ್ಟು ಹರಿಯಿತು, ಅರಕಲಗೂಡಿನ ಹೊಗೆಸೊಪ್ಪಿಗೆ ಹರಾಜಿನಲ್ಲಿ ಎಷ್ಟು ಸಿಕ್ಕಿತು, ಚನ್ನರಾಯಪಟ್ಟಣದ ಕೊಬ್ಬರಿ ಬೆಲೆ ಏಕೆ ಕುಸಿಯಿತು, ಸಕಲೇಶಪುರದ ಕಾಡಾನೆ ಯಾರ ತೋಟ ತುಳಿಯಿತು, ಆಲೂಗಡ್ಡೆ ಬಿತ್ತನೆ ಯಾಕೆ ಕೈಕೊಟ್ಟಿತು. ಇವೆಲ್ಲ ಮುಗಿದ ಮೇಲೂ ಹೊಳೆನರಸೀಪುರದ ಒಂದು ಮನೆತನದ ಮಾತು ಉಳಿದೇ ಇರುತ್ತದೆ. 1962ರಲ್ಲಿ ಎಚ್.ಡಿ. ದೇವೇಗೌಡರು ಪಕ್ಷೇತರರಾಗಿ ವಿಧಾನಸಭೆಗೆ ಆರಿಸಿ ಹೋದಂದಿನಿಂದ ಆ ಮಾತು ನಿಂತಿಲ್ಲ.

ಈ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಯಾವತ್ತೂ ಏಳಲಿಲ್ಲ. ಅಮೆರಿಕದಲ್ಲಿ ಅಧ್ಯಕ್ಷರನ್ನೇ ಏಳಿಸಿ ಬೀಳಿಸುವ ಪ್ರಶ್ನೆ ಅದು. ಗರ್ಭಪಾತವನ್ನು ಒಪ್ಪುವ ಅಭ್ಯರ್ಥಿಗೆ ಕ್ರೈಸ್ತನಾದವನು ಮತ ಹಾಕಬಹುದೇ? ಇಲ್ಲಿನ ಕಥೋಲಿಕ ಗುರುಗಳು ಭ್ರೂಣಹತ್ಯೆ ಪಾಪವೆಂದು ಪ್ರಬೋಧನೆಯಲ್ಲಿ ಹೇಳುತ್ತಾರೆ. ಮದುವೆಗೆ ಮುನ್ನ ನಡೆಯುವ ತಯಾರಿ ಶಿಬಿರದಲ್ಲೂ ಹೇಳಿಕೊಡುತ್ತಾರೆ. ರೋಮಿನಲ್ಲಿ ಇರುವಷ್ಟೇ ಕಟ್ಟುನಿಟ್ಟು ಇಲ್ಲೂ ಇದೆ. ಆದರೂ ಆ ಮಾತು ಇಗರ್ಜಿಯ ಅಂಗಳ ದಾಟಿ ಮತಗಟ್ಟೆಯ ಸಾಲಿಗೆ ಬಂದು ನಿಲ್ಲಲಿಲ್ಲ. ಏಕೆ ಬರಲಿಲ್ಲ ಎನ್ನುವುದಕ್ಕೆ ಸಾಕಷ್ಟು ಉದ್ದದ ಚರಿತ್ರೆಯೇ ಇದೆ.

ಮೊದಲು ತಲೆ ಎಣಿಕೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಹಾಸನದಲ್ಲಿ ಒಬ್ಬರೂ ಪೂರ್ತಿ ಇಲ್ಲ. ಆ ಒಬ್ಬರಲ್ಲೂ ಒಳಗೊಳಗೇ ಬಗೆಬಗೆ. ಕಾಫಿ ತೋಟದ ಕಡೆ ಕೊಂಕಣಿ ಮಾತಾಡುವ ಕುಟುಂಬಗಳು, ತಮಿಳು ಮೂಲದ ಕೂಲಿಕಾರರು, ತಲೆಮಾರುಗಳಿಂದ ಕನ್ನಡವನ್ನೇ ಆಡುವ ಹಳ್ಳಿಯ ಕಥೋಲಿಕರು, ವೆಸ್ಲಿಯನ್ ಮಿಷನ್ನಿನಿಂದ 1947ರಲ್ಲಿ ಸಿಎಸ್‌ಐ ಸೇರಿದವರು, ಈಚಿನ ಪ್ರಾರ್ಥನಾ ಮನೆಗಳ ಪೆಂತೆಕೋಸ್ತರು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಆ ವೆಸ್ಲಿಯನ್ನರದ್ದು; ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅದರ ಹೆಸರು ಗೊತ್ತಿರುವುದು ಹೆರಿಗೆಯಿಂದ. ಗರ್ಭಪಾತದ ಬಗ್ಗೆ ಇವರೆಲ್ಲರ ಮಾತೂ ಒಂದೇ ಅಲ್ಲ. ಕಥೋಲಿಕ ಸಭೆಯ ಬಾಗಿಲು ಪೂರ್ತಿ ಮುಚ್ಚಿದೆ. ಪ್ರೊಟೆಸ್ಟೆಂಟರಲ್ಲಿ ತಾಯಿಯ ಜೀವಕ್ಕೆ ಕುತ್ತು ಬಂದಾಗ ಎನ್ನುವ ಒಂದು ಕಿಟಕಿ ಮೊದಲಿನಿಂದಲೂ ತೆರೆದಿದೆ.

ಮತ ಎಂದರೆ ಈ ಜನಕ್ಕೆ ಏನು ಎಂದು ತಿಳಿಯಬೇಕಾದರೆ ಶೆಟ್ಟಿಹಳ್ಳಿಗೆ ಹೋಗಬೇಕು. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಇಗರ್ಜಿ ಅಲ್ಲಿ ಛಾವಣಿಯಿಲ್ಲದೆ ನಿಂತಿದೆ. ಮಳೆಗಾಲದಲ್ಲಿ ಕಮಾನುಗಳ ಅರ್ಧಕ್ಕೆ ನೀರು. ಬೇಸಿಗೆಯಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಲು ಬೆಂಗಳೂರಿನ ಕಾರುಗಳ ಸಾಲು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರಂತೆ, ಅದಕ್ಕೇ ಇನ್ನೂ ಬಿದ್ದಿಲ್ಲವಂತೆ ಎಂದು ತೋರಿಸುವವರು ಹೇಳುತ್ತಾರೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು, ಊರು ಹಿನ್ನೀರಿನ ಪಾಲಾಯಿತು, ವಿಶ್ವಾಸಿಗಳು ಗಂಟುಮೂಟೆ ಕಟ್ಟಿ ಹೊಸ ಬಡಾವಣೆಗಳಿಗೆ ಹೋದರು. ಮುಳುಗಿದ ಊರಿನವರಿಗೆ ಶಾಸಕ ಎಂದರೆ ಪರಿಹಾರ, ನಿವೇಶನ, ಹಕ್ಕುಪತ್ರ, ಸ್ಮಶಾನಕ್ಕೆ ಜಾಗ. ಇಷ್ಟನ್ನೂ ಕೇಳಿ ಮುಗಿಸುವ ಹೊತ್ತಿಗೆ ಐದು ವರ್ಷ ಆಗಿಹೋಗಿರುತ್ತದೆ.

ಇನ್ನು ಕಾನೂನಿನ ಕತೆ. ಅದು ಬ್ರಿಟಿಷರಿಂದ ಶುರುವಾಗುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಂ ಗರ್ಭಪಾತವನ್ನು ಅಪರಾಧ ಮಾಡಿತು, ಮಾಡಿಸಿಕೊಂಡ ಹೆಂಗಸೂ ಅಪರಾಧಿ. ಮರುವರ್ಷ, 1861ರಲ್ಲಿ, ಬ್ರಿಟಿಷ್ ಸಂಸತ್ತು ಅಂಥದೇ ಕಾನೂನನ್ನು ಐರ್ಲೆಂಡಿಗೂ ಅನ್ವಯಿಸುವಂತೆ ತಂದಿತು. ಒಬ್ಬ ಯಜಮಾನನ ಎರಡು ಅಡಿಯಾಳು ನಾಡುಗಳಿಗೆ ಹೆಚ್ಚುಕಮ್ಮಿ ಒಂದೇ ಕಟ್ಟಳೆ. ಮುಂದೆ ಆ ಎರಡೂ ನಾಡು ಹಿಡಿದ ದಾರಿ ಬೇರೆಯಾಯಿತು. ಕೊನೆಗೆ ಒಬ್ಬ ಕನ್ನಡತಿಯ ಸಾವಿನಲ್ಲಿ ಆ ದಾರಿಗಳು ಮತ್ತೆ ಕೂಡಿದವು.

ನಮ್ಮ ದಾರಿಗೆ ಮೊದಲ ತಿರುವು ಕೊಟ್ಟದ್ದು ಮೈಸೂರು ಸಂಸ್ಥಾನ. 1930ರ ಜೂನ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಮೈಸೂರು ಸರ್ಕಾರ ಆದೇಶ ಹೊರಡಿಸಿತು. ದೇಶದಲ್ಲಿ ಸರ್ಕಾರವೊಂದು ಅಂಥ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲು. ಹಾಸನ ಆಗ ಆ ಸಂಸ್ಥಾನದ ಜಿಲ್ಲೆ. ಅದೇ ವರ್ಷ ಆಗಸ್ಟ್‌ನಲ್ಲಿ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಧರ್ಮಾಧ್ಯಕ್ಷರು ಗರ್ಭನಿರೋಧಕ್ಕೆ ಅಳೆದು ಸುರಿದು ಸಣ್ಣ ಒಪ್ಪಿಗೆ ಕೊಟ್ಟರು. ಡಿಸೆಂಬರ್ 31ರಂದು ಪೋಪ್ 11ನೇ ಪಯಸ್ ಅದನ್ನು ಖಡಾಖಂಡಿತ ನಿಷೇಧಿಸಿದರು. ಮೈಸೂರಿನ ದಿವಾನ ಕಚೇರಿ ಮಾತ್ರ ಈ ಎರಡರಲ್ಲಿ ಯಾರನ್ನೂ ಕೇಳಿರಲಿಲ್ಲ. ಜನಸಂಖ್ಯೆ, ಆರೋಗ್ಯ, ಆಡಳಿತ – ಇಷ್ಟೇ ಅದರ ಲೆಕ್ಕ. ಪಾಪಪುಣ್ಯಕ್ಕೆ ಅಲ್ಲಿ ಕಲಂ ಇರಲಿಲ್ಲ.

ಗರ್ಭಪಾತವೂ ಇದೇ ಬಾಗಿಲಿನಿಂದ ಒಳಬಂದಿತು. 1964ರಲ್ಲಿ ಕೇಂದ್ರ ಸರ್ಕಾರ ಶಾಂತಿಲಾಲ್ ಶಾ ಸಮಿತಿ ನೇಮಿಸಿತು. 1966ರ ಕೊನೆಯಲ್ಲಿ ಬಂದ ವರದಿಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 39 ಲಕ್ಷ ಬಸಿರುಗಳನ್ನು ತೆಗೆಸಲಾಗುತ್ತಿತ್ತು, ಹೆಚ್ಚಿನವು ಕದ್ದುಮುಚ್ಚಿ, ಕಡ್ಡಿ ಬೇರು ಹಾಕಿ. ಮುಂದೆ ಕುಟುಂಬ ಯೋಜನೆಯ ಸಚಿವರಾದ ಎಸ್. ಚಂದ್ರಶೇಖರ್ ಹೆಸರಾಂತ ಜನಸಂಖ್ಯಾ ತಜ್ಞರು. 1968ರ ಜುಲೈನಲ್ಲಿ ಪೋಪ್ ಆರನೇ ಪೌಲ್ ಗರ್ಭನಿರೋಧದ ವಿರುದ್ಧ ವಿಶ್ವಪತ್ರ ಹೊರಡಿಸಿದಾಗ ದೆಹಲಿಯ ಕಡತಗಳು ತಮ್ಮ ಪಾಡಿಗೆ ಓಡುತ್ತಿದ್ದವು. 1971ರ ಆಗಸ್ಟ್ 10ರಂದು ವೈದ್ಯಕೀಯ ಗರ್ಭಪಾತ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿತ್ತು, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗಿನ ನಿಯಮದಂತೆ 12 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, 20ರವರೆಗೆ ಇಬ್ಬರದ್ದು. ಪ್ರಾಯಕ್ಕೆ ಬಂದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ರುಜು ಬೇಕಿಲ್ಲ. ಇದನ್ನು ಕೊಟ್ಟದ್ದು ಹೆಂಗಸರ ಹೋರಾಟವಲ್ಲ, ಜನಸಂಖ್ಯೆಯ ಭಯ. ಯಾರೂ ಕೇಳದೆ ಕೊಟ್ಟದ್ದರ ವಿರುದ್ಧ ಜನ ಕಟ್ಟುವುದೂ ಕಷ್ಟ, ಪರವಾಗಿ ಕಟ್ಟುವುದೂ ಕಷ್ಟ.

ಕಥೋಲಿಕ ಧರ್ಮಾಧ್ಯಕ್ಷರು ವಿರೋಧಿಸಿದರು, ಈಗಲೂ ವಿರೋಧಿಸುತ್ತಾರೆ. ಹಾಸನ ಜಿಲ್ಲೆ ಸೇರಿದ ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರಲ್ಲಿ ಹುಟ್ಟಿತ್ತು. ಅದರ ಮೊದಲ ಧರ್ಮಾಧ್ಯಕ್ಷ ಅಲ್ಫೋನ್ಸಸ್ ಮಥಾಯಸ್. ಮುಂದೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರೂ ಅಖಿಲ ಭಾರತ ಧರ್ಮಾಧ್ಯಕ್ಷರ ಮಂಡಳಿಯ ಅಧ್ಯಕ್ಷರೂ ಆದವರು. ಕಾಯ್ದೆ ಬಂದಾಗ ಈ ಸೀಮೆಯ ಮಂದೆ ಅವರ ಕೈಯಲ್ಲಿತ್ತು. ಸಭೆ ತನ್ನ ಆಸ್ಪತ್ರೆಗಳಲ್ಲಿ ಗರ್ಭಪಾತ ಮಾಡುವುದಿಲ್ಲ ಎಂದು ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಇಂದಿಗೂ ಅದೇ ನೇಮದಲ್ಲಿ ನಡೆಯುತ್ತದೆ. ಸರ್ಕಾರವೂ ಅವರನ್ನು ಮಾಡಲೇಬೇಕೆಂದು ಒತ್ತಾಯಿಸಲಿಲ್ಲ. ನೀವು ನಿಮ್ಮ ಆಸ್ಪತ್ರೆಯಲ್ಲಿ, ನಾವು ನಮ್ಮ ಆಸ್ಪತ್ರೆಯಲ್ಲಿ ಎಂಬ ಈ ಹೊಂದಾಣಿಕೆಯನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಜಗಳ ಬೀದಿಗೆ ಬರದಂತೆ ತಡೆದದ್ದು ಬಹುಪಾಲು ಇದೇ ಎಂದು ನನಗನ್ನಿಸುತ್ತದೆ.

ಹಾಗೆಂದು ಸಭೆಗೆ ರಾಜಕೀಯ ಬಾರದು ಎನ್ನುವ ಹಾಗಿಲ್ಲ. 1959ರಲ್ಲಿ ಕೇರಳದ ಇ.ಎಂ.ಎಸ್. ಸರ್ಕಾರದ ಶಿಕ್ಷಣ ಮಸೂದೆ ಶಾಲೆಗಳ ಮೇಲೆ ಕೈಯಿಟ್ಟಾಗ ಅದು ಬೀದಿಗಿಳಿಯಿತು, ಸರ್ಕಾರ ವಜಾ ಆಯಿತು. ಕ್ರೈಸ್ತರೇ ಬಹುಸಂಖ್ಯಾತರಾದ ನಾಗಾಲ್ಯಾಂಡ್, ಮಿಜೋರಂಗಳಲ್ಲಿ ಸಭೆಗಳು ಹಟ ಹಿಡಿದು ಪಾನನಿಷೇಧ ತಂದವು. ಅಲ್ಲಿಯೂ ಮತಯಂತ್ರದವರೆಗೆ ಹೋದದ್ದು ಹೆಂಡವೇ ಹೊರತು ಗರ್ಭಪಾತವಲ್ಲ. ಇದರಲ್ಲಿ ಕ್ರೈಸ್ತರದ್ದೇ ವಿಶೇಷವೇನೂ ಇಲ್ಲ ಅನ್ನಿ. ಚನ್ನರಾಯಪಟ್ಟಣವನ್ನು ಒಳಗೊಂಡ ವಿಧಾನಸಭಾ ಕ್ಷೇತ್ರದ ಹೆಸರೇ ಶ್ರವಣಬೆಳಗೊಳ. ಇರುವೆಗೂ ನೋವಾಗದಂತೆ ನವಿಲುಗರಿಯಿಂದ ನೆಲ ಗುಡಿಸಿ ನಡೆಯುವವರ ನೆಲ ಅದು. ಅಲ್ಲಿ ಮತ ಕೇಳಲು ಬಂದವರಿಗೂ ಈ ಪ್ರಶ್ನೆ ಎದುರಾದದ್ದಿಲ್ಲ.

ಹೆಣ್ಣಿನ ಹೊಟ್ಟೆಯ ವಿಚಾರ ದೇಶದ ಚುನಾವಣೆಗೆ ಒಮ್ಮೆ ಬಂದಿತ್ತು, ಗಂಡಸಿನ ದೇಹದ ಮೂಲಕ. ತುರ್ತುಪರಿಸ್ಥಿತಿಯ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. 1977ರಲ್ಲಿ ಉತ್ತರ ಭಾರತ ಅದರ ಸೇಡು ತೀರಿಸಿಕೊಂಡಿತು. ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಉಳಿದವು. ಕೈತಪ್ಪಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ಹಾಸನ. ಮರುವರ್ಷ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ನಿಂತರು. ಗರ್ಭಪಾತ ಕಾಯ್ದೆ ತಂದ ಪ್ರಧಾನಿ, ಕಥೋಲಿಕರ ಧರ್ಮಪ್ರಾಂತ್ಯದ ಹೃದಯದಲ್ಲೇ ಅಭ್ಯರ್ಥಿ! ಎದುರಾಳಿ ವೀರೇಂದ್ರ ಪಾಟೀಲರ ಪರ ಪ್ರಚಾರಕ್ಕೆ ಬಂದವರು ಜಾರ್ಜ್ ಫೆರ್ನಾಂಡಿಸ್, ಹರೆಯದಲ್ಲಿ ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿ ಅರ್ಧಕ್ಕೇ ಬಿಟ್ಟವರು. ಬೇರೊಂದು ದೇಶವಾಗಿದ್ದರೆ ಅವರ ಕೈಗೆ ಸಿಗುತ್ತಿದ್ದ ಮೊದಲ ಅಸ್ತ್ರ ಯಾವುದಿರುತ್ತಿತ್ತೆಂದು ಊಹಿಸಿ. ಅವರು ಹಿಡಿದದ್ದು ಹೆಡೆಯೆತ್ತಿದ ನಾಗರದ ಚಿತ್ರವಿದ್ದ ಪೋಸ್ಟರು ಮತ್ತು ತುರ್ತುಪರಿಸ್ಥಿತಿಯ ಕತೆ. ಇಂದಿರಾ 77 ಸಾವಿರ ಮತಗಳ ಅಂತರದಲ್ಲಿ ಗೆದ್ದರು.

ಅಮೆರಿಕದ ಕ್ರೈಸ್ತರೇನು ಮೊದಲಿನಿಂದಲೂ ಗರ್ಭಪಾತ ನೋಡಿ ಮತ ಹಾಕುವವರಾಗಿದ್ದರೆ? ಇಲ್ಲ. ನಮ್ಮ ಕಾಯ್ದೆ ಬಂದ 1971ರ ಬೇಸಿಗೆಯಲ್ಲೇ ಅಲ್ಲಿನ ದಕ್ಷಿಣದ ಬ್ಯಾಪ್ಟಿಸ್ಟರ ಮಹಾಸಭೆ ಒಂದು ನಿರ್ಣಯ ಮಾಡಿತು. ಅತ್ಯಾಚಾರವಾದಾಗ, ಭ್ರೂಣಕ್ಕೆ ತೀವ್ರ ನ್ಯೂನತೆ ಇದ್ದಾಗ, ತಾಯಿಯ ದೇಹ-ಮನಸ್ಸಿಗೆ ಹಾನಿಯಾಗುವಂತಿದ್ದಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬರಲಿ ಎಂದಿತು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರೋ ಪ್ರಕರಣದಲ್ಲಿ ಹಕ್ಕನ್ನು ಎತ್ತಿಹಿಡಿದ ಮೇಲೂ ಗಾಳಿ ತಿರುಗಲು ಕೆಲವು ವರ್ಷ ಹಿಡಿಯಿತು. 1979ರಲ್ಲಿ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಕಟ್ಟಿದರು, ಮರುವರ್ಷ ರೇಗನ್ ಗೆದ್ದರು, ಗರ್ಭಪಾತ ಪಕ್ಷದ ಗುರುತಾಯಿತು. 2022ರ ಜೂನ್ 24ರಂದು ರೋ ತೀರ್ಪೇ ರದ್ದಾಯಿತು. ನಡುವೆ 2004ರಲ್ಲಿ ಕಥೋಲಿಕ ಜಾನ್ ಕೆರ್ರಿ ಸ್ಪರ್ಧೆಗಿಳಿದಾಗ ಕಾರ್ಡಿನಲ್ ರಾಟ್ಸಿಂಗರ್ ಅಮೆರಿಕದ ಧರ್ಮಾಧ್ಯಕ್ಷರಿಗೆ ಒಂದು ಟಿಪ್ಪಣಿ ಬರೆದರು. ಗರ್ಭಪಾತವನ್ನು ಬೆಂಬಲಿಸುತ್ತಾನೆ ಎನ್ನುವ ಕಾರಣಕ್ಕೇ ಒಬ್ಬನಿಗೆ ಮತ ಹಾಕುವುದು ಪಾಪದಲ್ಲಿ ಪಾಲು. ಆ ನಿಲುವನ್ನು ಒಪ್ಪದೆ, ಅಷ್ಟೇ ತೂಕದ ಬೇರೆ ಕಾರಣಕ್ಕೆ ಹಾಕಿದರೆ ಅದಕ್ಕೆ ಎಡೆಯುಂಟು. ಮುಂದಿನ ವರ್ಷ ಅವರೇ ಪೋಪ್ ಆದರು.

ಆ ತಕ್ಕಡಿ ಹಾಸನದಲ್ಲಿ ತೂಗುವುದೇ ಇಲ್ಲ, ಎರಡು ತಟ್ಟೆಯಲ್ಲೂ ಒಂದೇ ಕಲ್ಲು. 1971ರ ಕಾಯ್ದೆ ಕಾಂಗ್ರೆಸ್ಸಿನದು. ಮಿತಿಯನ್ನು ಕೆಲವು ವರ್ಗದ ಮಹಿಳೆಯರಿಗೆ 24 ವಾರಕ್ಕೆ ಏರಿಸಿ, ‘ವಿವಾಹಿತೆ ಅಥವಾ ಆಕೆಯ ಪತಿ’ ಎಂದಿದ್ದಲ್ಲಿ ‘ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದು ತಿದ್ದಿದ 2021ರ ತಿದ್ದುಪಡಿ ಬಿಜೆಪಿ ಸರ್ಕಾರದ್ದು. ಅರಕಲಗೂಡಿನ ಎ. ಮಂಜು ಅವರನ್ನೇ ನೋಡಿ: ಕಾಂಗ್ರೆಸ್ ಸಚಿವರು, 2019ಕ್ಕೆ ಬಿಜೆಪಿಯ ಲೋಕಸಭಾ ಅಭ್ಯರ್ಥಿ, 2023ಕ್ಕೆ ಜೆಡಿಎಸ್ ಶಾಸಕ. ಬಾವುಟವೇ ಇಷ್ಟು ಸಲೀಸಾಗಿ ಬದಲಾಗುವಲ್ಲಿ ಗರ್ಭದ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳುವ ಮತದಾರನನ್ನು ಊರವರು ವಿಚಿತ್ರವಾಗಿ ನೋಡಿಯಾರು.

ಕ್ರೈಸ್ತ ಮತದಾರರು ನಿಜಕ್ಕೂ ಗರ್ಭಪಾತವನ್ನು ತೂಗಿ ನೋಡಿದ ಚುನಾವಣೆಯೊಂದರಲ್ಲಿ ಕನ್ನಡದ ಮುಖವೊಂದು ಗೋಡೆಗೋಡೆಯ ಮೇಲಿತ್ತು. ಸವಿತಾ ಹಾಲಪ್ಪನವರ್ ಬೆಳಗಾವಿಯ ಹುಡುಗಿ, ದಂತವೈದ್ಯೆ, ಗಂಡನೊಂದಿಗೆ ಐರ್ಲೆಂಡಿನ ಗಾಲ್ವೇ ಪಟ್ಟಣದಲ್ಲಿದ್ದವಳು. 31 ವರ್ಷ, 17 ವಾರದ ಬಸಿರು. 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಕೇಳಿಕೊಂಡಳು. ಭ್ರೂಣದ ಎದೆ ಇನ್ನೂ ಬಡಿಯುತ್ತಿದೆ, ಆಗುವುದಿಲ್ಲ ಎಂದರು. ಇದು ಕಥೋಲಿಕ ದೇಶ ಎಂಬ ಮಾತು ತನ್ನ ಬಾಯಿಂದ ಬಂದದ್ದು ನಿಜವೆಂದು ಸೂಲಗಿತ್ತಿ ದಾದಿಯೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ರಕ್ತಕ್ಕೆ ನಂಜೇರಿ 28ರಂದು ಸವಿತಾ ತೀರಿಕೊಂಡಳು. ಇದೇ ಸ್ಥಿತಿಯಲ್ಲಿ ಅವಳು ಬೆಳಗಾವಿಯಲ್ಲಿದ್ದಿದ್ದರೆ? 17 ವಾರಕ್ಕೆ, 1971ರ ಕಾಯ್ದೆಯಂತೆ, ಇಬ್ಬರು ವೈದ್ಯರ ರುಜು ಸಾಕಿತ್ತು.

ಐರ್ಲೆಂಡ್ ಆ ಸ್ಥಿತಿಗೆ ಬಂದದ್ದು ಮತದಿಂದಲೇ. 1983ರ ಸೆಪ್ಟೆಂಬರ್ 7ರಂದು ಜನಮತಗಣನೆ ಮಾಡಿ, ಹುಟ್ಟದ ಮಗುವಿಗೂ ತಾಯಿಗೂ ಜೀವದ ಹಕ್ಕು ಸಮಾನವೆಂದು ಸಂವಿಧಾನಕ್ಕೇ ಎಂಟನೇ ತಿದ್ದುಪಡಿ ಸೇರಿಸಿದ್ದರು. ಪರವಾಗಿ ಬಿದ್ದ ಮತ ನೂರಕ್ಕೆ 66.9. ಸವಿತಾಳ ಸಾವಿನ ಮೇಲೆ ಡಬ್ಲಿನ್ನಿನ ಬೀದಿಗಳು ತುಂಬಿದವು. 2013ರಲ್ಲಿ ತಾಯಿಯ ಜೀವ ಉಳಿಸಲು ಮಾತ್ರ ಎಂಬ ಸಣ್ಣ ಕಾನೂನು ಬಂತು. 2018ರ ಮೇ 25ರಂದು ಮತ್ತೆ ಜನಮತಗಣನೆ. ಬೆಳಗಾವಿಯಿಂದ ಅವಳ ತಂದೆ ಮಗಳನ್ನು ನೆನೆದು ಮತ ಹಾಕಿ ಎಂದು ಐರಿಷ್ ಜನರನ್ನು ಕೇಳಿಕೊಂಡರು. ತಿದ್ದುಪಡಿ ಕಿತ್ತುಹಾಕುವ ಪರ ಬಿದ್ದದ್ದು 66.4. ಮೂವತ್ತೈದು ವರ್ಷದಲ್ಲಿ ಅದೇ ಮೂರರಲ್ಲಿ ಎರಡು ಪಾಲು ಬಂದ ದಾರಿಯಲ್ಲೇ ತಿರುಗಿ ನಡೆದಿತ್ತು. ಆಗಲೂ ಜನಗಣತಿಯಲ್ಲಿ ಕಥೋಲಿಕರು ನೂರಕ್ಕೆ 78. ಅವರು ಧರ್ಮ ಬಿಟ್ಟು ಮತ ಹಾಕಿದರು ಎನ್ನುವುದು ಸುಲಭದ ವಿವರಣೆ. ಪಾಪವೆಂದು ನಂಬಿದ್ದನ್ನೆಲ್ಲ ಕಾನೂನು ಶಿಕ್ಷಿಸಬೇಕಿಲ್ಲ ಎಂದು ಎಷ್ಟೋ ಮಂದಿ ತೀರ್ಮಾನಿಸಿದರು ಎನ್ನುವುದು ನನಗೆ ಹೆಚ್ಚು ನಂಬಿಕೆಯ ಮಾತಾಗಿ ಕಾಣುತ್ತದೆ.

ಹಾಸನದ ಕ್ರೈಸ್ತರು ತೂಗುವುದು ಬೇರೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಇಗರ್ಜಿಗಳ ಮೇಲೆ ದಾಳಿಯಾಯಿತು. 2021ರ ನವೆಂಬರ್ ಕೊನೆಯಲ್ಲಿ ಬೇಲೂರಿನ ಪ್ರಾರ್ಥನಾ ಮಂದಿರಕ್ಕೆ ಬಜರಂಗದಳದವರು ನುಗ್ಗಿದರು, ಒಳಗಿದ್ದ ಹೆಂಗಸರು ಹಿಂಜರಿಯದೆ ಎದುರು ನಿಂತು ಪ್ರಶ್ನಿಸಿದರು. ಮರುತಿಂಗಳು ಬೆಳಗಾವಿ ಅಧಿವೇಶನದಲ್ಲಿ ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು, 2022ರಲ್ಲಿ ಕಾಯ್ದೆಯಾಯಿತು. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಸಜೆ. ಮತಾಂತರವಾದವರು ಅಪ್ರಾಪ್ತರು, ಬುದ್ಧಿ ಸ್ವಾಸ್ಥ್ಯ ಇಲ್ಲದವರು, ಪರಿಶಿಷ್ಟರು ಅಥವಾ ಹೆಂಗಸರಾದರೆ ಹತ್ತು ವರ್ಷದವರೆಗೆ. ಓದಿ ಒಂದು ಕ್ಷಣ ನಿಂತೆ. ಬಸಿರು ಇಟ್ಟುಕೊಳ್ಳಬೇಕೋ ಬೇಡವೋ ಎನ್ನುವಲ್ಲಿ 18 ತುಂಬಿದವಳ ಒಪ್ಪಿಗೆಯೊಂದೇ ಸಾಕೆಂದ ದೇಶ, ಯಾವ ದೇವರಿಗೆ ಕೈಮುಗಿಯಬೇಕು ಎನ್ನುವಲ್ಲಿ ಅವಳನ್ನು ಮಕ್ಕಳ ಸಾಲಿಗೆ ನಿಲ್ಲಿಸಿದೆ. 2023ರ ಜೂನ್‌ನಲ್ಲಿ ಕಾಂಗ್ರೆಸ್ ಸಂಪುಟ ಈ ಕಾಯ್ದೆಯನ್ನು ಹಿಂತೆಗೆಯಲು ತೀರ್ಮಾನಿಸಿತು.

ಇದರ ಮೇಲೆ ಜಾತಿ ಪ್ರಮಾಣಪತ್ರದ ತಲೆನೋವು. ಕ್ರೈಸ್ತರು ಪ್ರವರ್ಗ 3ಬಿ, ಪರಿಶಿಷ್ಟ ಮೂಲದವರು ಪ್ರವರ್ಗ 1. 2025ರ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ‘ಒಕ್ಕಲಿಗ ಕ್ರಿಶ್ಚಿಯನ್’ ಥರದ ಹೆಸರುಗಳು ಕಂಡಾಗ ಎದ್ದ ಗದ್ದಲದಲ್ಲಿ ಅವನ್ನು ಆಯ್ಕೆಯ ಪಟ್ಟಿಯಿಂದ ಕೈಬಿಡಬೇಕಾಯಿತು. ಮಗನ ಫೀಸು, ಮಗಳ ನರ್ಸಿಂಗ್ ಸೀಟು ಈ ಕಾಗದಕ್ಕೆ ನೇತುಬಿದ್ದಿರುವ ಮನೆಯಲ್ಲಿ ರೋಮಿನ ವಿಶ್ವಪತ್ರಕ್ಕೆ ಮತ ಬೀಳುವುದಿಲ್ಲ. ಚುನಾವಣೆಗೆ ಮುಂಚೆ ಧರ್ಮಾಧ್ಯಕ್ಷರಿಂದ ಬರುವ ಮನವಿಯಲ್ಲೂ ಮುಂದಿರುವುದು ಸಂವಿಧಾನ, ಜಾತ್ಯತೀತತೆ, ಬಡವರ ಕಾಳಜಿ.

ಗರ್ಭಪಾತ ಈ ಸೀಮೆಯ ರಾಜಕೀಯಕ್ಕೆ ಬಂದದ್ದು ಮತ್ತೊಂದು ದಾರಿಯಿಂದ, ಅದೂ ಚನ್ನರಾಯಪಟ್ಟಣದ ಪಕ್ಕದ ಮಂಡ್ಯದಿಂದ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲ ಹಿಡಿದರು. ಬೆಲ್ಲ ಬೇಯಿಸುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣೆಂದು ಕಂಡರೆ ಗರ್ಭ ತೆಗೆಸಲು ಕಳಿಸುತ್ತಿದ್ದರು. ನೂರಾರು ಭ್ರೂಣಗಳ ಲೆಕ್ಕ ಹೊರಬಂತು. ಡಿಸೆಂಬರ್ ಅಧಿವೇಶನದಲ್ಲಿ ಗದ್ದಲವಾಯಿತು, ತನಿಖೆ ಸಿಐಡಿಗೆ ಹೋಯಿತು. ಹಾಸನ ಜಿಲ್ಲೆಯ 2011ರ ಲೆಕ್ಕದಲ್ಲಿ ಸಾವಿರ ಗಂಡಿಗೆ 1010 ಹೆಣ್ಣು ಎಂದು ನಾವು ಬೀಗುತ್ತೇವೆ. ಹಾಗಿದ್ದರೂ ಲಿಂಗಪತ್ತೆ ಶಿಕ್ಷಾರ್ಹ ಅಪರಾಧವೆಂಬ ಫಲಕ ಇಲ್ಲಿನ ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಬಾಗಿಲಲ್ಲೂ ಇರಲೇಬೇಕು. 1994ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಈ ಗದ್ದಲದಲ್ಲಿ ಒಂದು ತೊಡಕುಂಟು. ಹೆಣ್ಣೆಂದು ತೆಗೆಸುವುದನ್ನೂ ಕಾಯ್ದೆಯ ಷರತ್ತು ಮೀರಿ ತೆಗೆಸುವುದನ್ನೂ ಕಾನೂನು ಅಪರಾಧವೆನ್ನುತ್ತದೆ, ಉಳಿದದ್ದನ್ನು ಒಪ್ಪುತ್ತದೆ; ಸಭೆ ಎಲ್ಲವನ್ನೂ ಪಾಪವೆನ್ನುತ್ತದೆ; ಟಿವಿಯವರು ಎರಡನ್ನೂ ‘ಭ್ರೂಣಹತ್ಯೆ’ ಎಂದು ಒಂದೇ ಗಂಟು ಕಟ್ಟುತ್ತಾರೆ. ಕಾನೂನಿನಂತೆಯೇ ಆಸ್ಪತ್ರೆಗೆ ಬರುವ ಹೆಂಗಸೂ ಆಮೇಲೆ ತಲೆತಗ್ಗಿಸಿ ಬರಬೇಕಾಗುತ್ತದೆ.

ತಲೆತಗ್ಗಿಸುವುದಕ್ಕೆ ಹಾಸನದಲ್ಲಿ ಬೇರೆ ಕಾರಣವೂ ಇದೆ. 2024ರ ಏಪ್ರಿಲ್ 26ರ ಮತದಾನಕ್ಕೆ ಮುಂಚೆ ಊರೂರಿನಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದವು, ದೌರ್ಜನ್ಯದ ವಿಡಿಯೊಗಳಲ್ಲಿ ಹೆಂಗಸರ ಮುಖಗಳನ್ನು ಹೊತ್ತು. ಏಪ್ರಿಲ್ 28ರಂದು ಹೊಳೆನರಸೀಪುರದಲ್ಲಿ ಆಗಿನ ಸಂಸದ ಪ್ರಜ್ವಲ್ ರೇವಣ್ಣ ವಿರುದ್ಧ ಮೊದಲ ದೂರು ದಾಖಲಾಯಿತು. ಅವರು ಆ ಚುನಾವಣೆ ಸೋತರು; 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣವೊಂದರಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ದೂರು ಕೊಡುವುದಕ್ಕಿಂತ ಗುರುತು ಬಯಲಾಗುವುದಕ್ಕೇ ಹೆಂಗಸರು ಹೆಚ್ಚು ಹೆದರಿದ್ದರು.

ಗರ್ಭಪಾತದ ಕಾಯ್ದೆ ಆ ಒಂದು ವಿಷಯದಲ್ಲಿ ಬಿಗಿಯಾಗಿದೆ. ಹೆಸರು ಬಯಲು ಮಾಡಿದವರಿಗೆ 2021ರಿಂದ ಒಂದು ವರ್ಷದವರೆಗೆ ಸಜೆ. ಆಸ್ಪತ್ರೆಯ ದಾಖಲಾತಿ ವಹಿ ಗೋಪ್ಯ ದಸ್ತಾವೇಜು, ಮುಖ್ಯಸ್ಥರ ವಶದಲ್ಲಿ ಐದು ವರ್ಷ ಇರಬೇಕು. 2003ರ ನಿಯಮಾವಳಿಯ ನಮೂನೆಯಲ್ಲಿ ಅದರ ಕಲಂಗಳು ಹೀಗಿವೆ: ದಾಖಲಾದ ದಿನ, ಹೆಸರು, ಯಾರ ಹೆಂಡತಿ ಅಥವಾ ಮಗಳು, ವಯಸ್ಸು, ಧರ್ಮ, ವಿಳಾಸ, ಎಷ್ಟು ವಾರ, ಯಾವ ಕಾರಣ. ತಿಂಗಳಿಗೊಮ್ಮೆ ಮೇಲಕ್ಕೆ ಹೋಗುವ ವರದಿಯಲ್ಲಿ ಹೆಸರಿರುವುದಿಲ್ಲ, ಧರ್ಮವಾರು ಎಣಿಕೆ ಇರುತ್ತದೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಇತರೆ. ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಿಂದ ಹಿಡಿದು ತಾಲ್ಲೂಕು ಆಸ್ಪತ್ರೆಗಳವರೆಗೆ ಎಲ್ಲಕ್ಕೂ ಇದೇ ನಮೂನೆ. ಮೂರನೆಯ ಕಲಂನಲ್ಲಿ ಸೊನ್ನೆ ಇಲ್ಲದ ತಿಂಗಳುಗಳಲ್ಲಿ ಆ ಹೆಂಗಸರು ಭಾನುವಾರದ ಪೂಜೆಗೂ ಬರುವವರೇ, ಮತದಾನದ ದಿನ ಸಾಲಿನಲ್ಲಿ ನಿಲ್ಲುವವರೇ. ಅವರನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆ ಎತ್ತಲು ಹೊರಡುವ ಫಾದರೋ ಅಭ್ಯರ್ಥಿಯೋ ಮೊದಲು ಅವರಿಗೇ ಉತ್ತರ ಹೇಳಬೇಕಾದೀತು.